ಅಮ್ಮನಿಗೆ ಸೋಡಿಯಂ 121, ‘ಎಸ್‌ಐಎಡಿಎಚ್’ ಅಂದಿದ್ದಾರೆ. ಇದು ವಾಸಿಯಾಗುತ್ತಾ, ಕೊನೇತನಕ ಇರುತ್ತಾ?

ನಾನು ಡಾಕ್ಟರ್ ಅಲ್ಲ. ಮೂರು ವರ್ಷದ ಹಿಂದೆ ನಮ್ಮ ಅಪ್ಪನಿಗೂ ಇದೇ ಆಗಿತ್ತು, ಅಂದರೆ ಮೈಯಲ್ಲಿ ನೀರು ಜಾಸ್ತಿ ಉಳಿದು ರಕ್ತದ ಸೋಡಿಯಂ ಇಳಿಯುವ ತೊಂದರೆ. ವಾಸಿಯಾಗುತ್ತದಾ ಅನ್ನೋದು 121 ಅನ್ನೋ ಅಂಕಿಗಿಂತ ಜಾಸ್ತಿ ಅದರ ಹಿಂದಿರುವ ಕಾರಣದ ಮೇಲೆ ನಿಂತಿದೆ.

ಅಪ್ಪನದ್ದು 118ಕ್ಕೆ ಇಳಿದಿತ್ತು. ಇರಬೇಕಾದದ್ದು 135ರಿಂದ 145. ಅವತ್ತು ಬೆಳಿಗ್ಗೆ ಶರ್ಟಿನ ಗುಂಡಿಗಳನ್ನು ಏರುಪೇರಾಗಿ ಹಾಕಿಕೊಂಡು ಕೂತಿದ್ದರು. ಐದು ನಿಮಿಷದಲ್ಲಿ ಮೂರು ಸಲ ‘ಗಂಟೆ ಎಷ್ಟು’ ಅಂತ ಕೇಳಿದರು. ವಯಸ್ಸಾಯ್ತಲ್ಲ, ಮರೆವು ಅಂದುಕೊಂಡೆವು.

ರಿಪೋರ್ಟ್ ಬಂದಾಗ, ಊಟಕ್ಕೆ ಉಪ್ಪು ಜಾಸ್ತಿ ಹಾಕಿದರೆ ಆಯ್ತಲ್ಲ ಅಂತ ನಾನು ಹೊರಟಿದ್ದೆ. ತಪ್ಪು ಲೆಕ್ಕ. ಇಲ್ಲಿ ಹೆಚ್ಚಾಗಿರುವುದು ನೀರು. ಎಡಿಎಚ್ ಅನ್ನೋ ಹಾರ್ಮೋನ್ ‘ನೀರು ಬಿಡಬೇಡ’ ಅಂತ ಕಿಡ್ನಿಗೆ ಹೇಳುತ್ತಲೇ ಇರುತ್ತದೆ. ಒಳಗೆ ನೀರು ಉಳಿದು ಸೋಡಿಯಂ ತೆಳುವಾಗುತ್ತದೆ.

ಅಪ್ಪನಿಗೆ ಕಾರಣ ಮುಖದ ನರನೋವಿಗೆ ಕೊಟ್ಟಿದ್ದ ಕಾರ್ಬಮಜೆಪಿನ್ ಮಾತ್ರೆ. ಡಾಕ್ಟರ್ ಅದನ್ನು ಬದಲಿಸಿದರು, ಎರಡು ವಾರದಲ್ಲಿ 136ಕ್ಕೆ ಬಂತು. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಅದರಲ್ಲೂ ಫಿಟ್ಸ್‌ಗೆ ಕೊಟ್ಟದ್ದಾದರೆ. ನ್ಯುಮೋನಿಯಾದಿಂದ ಬಂದದ್ದು ಸಾಮಾನ್ಯವಾಗಿ ಅದು ವಾಸಿಯಾದಂತೆ ಸರಿಹೋಗುತ್ತದೆ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಿಂದ ಬಂದದ್ದಾದರೆ ಆ ಗಡ್ಡೆಯ ಜೊತೆಗೇ ಏರಿಳಿಯುತ್ತದೆ. ಇನ್ನು ಕೆಲವು ವಯಸ್ಸಾದವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಅವರದ್ದು ವರ್ಷಗಟ್ಟಲೆ ಇರಬಹುದು. ನೀರಿನ ಮಿತಿ, ಆಗಾಗ ರಕ್ತಪರೀಕ್ಷೆ, ಬೇಕಾದರೆ ಮಾತ್ರೆ, ಹೀಗೇ ಸಂಭಾಳಿಸುತ್ತಾರೆ.

ಮೊದಲ ದಿನ ಆಸ್ಪತ್ರೆಯಲ್ಲಿ ನಾನು ರೇಗಿದ್ದೆ. ‘ಇಡೀ ದಿನಕ್ಕೆ ಬರೀ ಆರು ಏರಿದೆಯಾ?’ ಅಂದೆ. ನರ್ಸ್ ಅಂದರು: ‘ಬೇಗ ಏರಿದರೇ ನಮಗೆ ಭಯ ಸಾರ್.’ ನಿಜ. ನಿಧಾನವಾಗಿ ಇಳಿದಿರುವ ಸೋಡಿಯಂ ದಿನಕ್ಕೆ 8-10ಕ್ಕಿಂತ ಜಾಸ್ತಿ ಏರಿದರೆ ಮಿದುಳಿನ ನರಗಳ ಹೊದಿಕೆಗೇ ಪೆಟ್ಟು ಬೀಳಬಹುದು. ಹಾಗಾಗಿ ನಿಧಾನ ಅಂತ ಗಾಬರಿಯಾಗಬೇಡಿ.

ಅಪ್ಪನಿಗೆ ದಿನಕ್ಕೆ ಒಂದೇ ಲೀಟರ್ ನೀರು ಅಂದಿದ್ದರು. ಕಾಫಿ, ಮಾತ್ರೆ ನುಂಗುವ ನೀರು ಎಲ್ಲ ಸೇರಿ. ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟೆ. ಅಪ್ಪ ಬಾಯಿ ಮುಕ್ಕಳಿಸುವ ನೆಪದಲ್ಲಿ ಎರಡು ಗುಟುಕು ಕುಡಿದುಬಿಡುತ್ತಿದ್ದರು! ವಾಂತಿ, ಭೇದಿಯಿಂದ ಸೋಡಿಯಂ ಇಳಿದವರಿಗೆ ಈ ಮಿತಿ ಅಪಾಯ, ಹಾಗಾಗಿ ಡಾಕ್ಟರ್ ಹೇಳದೆ ಸುಮ್ನೆ ಶುರು ಮಾಡಬೇಡಿ.

ಕಾರಣ ಏನು, ಮುಂದಿನ ಪರೀಕ್ಷೆ ಯಾವಾಗ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂಥ ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸೋಡಿಯಂ 128-130 ಇದ್ದರೂ ನಡಿಗೆ ತೂಗಾಡಬಹುದು. ಮನೆಗೆ ಬಂದ ನಾಲ್ಕನೇ ದಿನ ಅಪ್ಪ ಬಾತ್‌ರೂಮಿನಲ್ಲಿ ಬಿದ್ದರು, ಸದ್ಯ ಮೂಳೆ ಮುರಿಯಲಿಲ್ಲ. ಅಮ್ಮ ರಾತ್ರಿ ಎದ್ದರೆ ಯಾರಾದರೂ ಜೊತೆಗೆ ಹೋಗಿ.