ಸ್ಪೋರ್ಟ್ಸ್ ಕಾರಿನ ಹಿಂದಿನ ಟೈರ್ 14,000 ಕಿಲೋಮೀಟರ್‌ಗೇ ಮುಗಿಯುವುದು ಸಹಜವೇ?

ನಿಮ್ಮ ಪ್ರಶ್ನೆ ಇಷ್ಟು: ವಿಜಯಪುರದಲ್ಲಿದ್ದೀರಿ, ಸೆಕೆಂಡ್ ಹ್ಯಾಂಡ್ ಪೋರ್ಷೆ 718 ಕೇಮನ್ ತಗೊಂಡಿದ್ದೀರಿ, ಹೊಸದಾಗಿ ಹಾಕಿಸಿದ ಹಿಂದಿನ ಎರಡು ಟೈರ್ 14,000 ಕಿಲೋಮೀಟರ್‌ಗೆ ಮುಗಿದಿವೆ. ಮುಂಚೆ ಇದ್ದ ಸ್ವಿಫ್ಟ್‌ನಲ್ಲಿ ಒಂದು ಸೆಟ್ 45,000 ಓಡಿತ್ತು. ಟೈರ್ ಅಂಗಡಿಯವನು "ಈ ಗಾಡಿಗೆ ಇಷ್ಟರೀ ಸರ" ಅಂದ, ನಿಮಗೆ ಮೋಸ ಆಯಿತೇನೋ ಅನ್ನಿಸಿದೆ.

ಅಂಗಡಿಯವನ ಮಾತಲ್ಲಿ ಸುಳ್ಳಿಲ್ಲ. ಹಾಗಂತ ಇವತ್ತೇ ಹೋಗಿ ಹೊಸ ಜೋಡಿ ಹಾಕಿಸಬೇಡಿ. ಹಳೆಯ ಟೈರ್ ಯಾವ ಜಾಗದಲ್ಲಿ ಸವೆದಿದೆ ಅಂತ ನೋಡದೆ, ಬರೀ ಮೀಟರ್ ನೋಡಿ ಸಹಜವೋ ಅಲ್ಲವೋ ಹೇಳಲು ಬರುವುದಿಲ್ಲ. ನಾನು ಬೆಳಗಾವಿಯಲ್ಲಿ ವ್ಹೀಲ್ ಅಲೈನ್‌ಮೆಂಟ್ ಕೆಲಸದವನು. ಪುಣೆ ಕಡೆಯಿಂದ ಗೋವಾಕ್ಕೆ ಹೊರಟ ಇಂಥ ಗಾಡಿಗಳು ಚೋರ್ಲಾ ಘಾಟಿನ ದಾರಿ ಹಿಡಿಯುವ ಮುಂಚೆ ಹವಾ ನೋಡಿಸಲು ನಮ್ಮಲ್ಲಿ ನಿಲ್ಲುತ್ತಿರುತ್ತವೆ. ನಾನು ನೋಡಿದ ಮಟ್ಟಿಗೆ ಹಿಂಬದಿ ಗಾಲಿ ಎಳೆಯುವ ಗಾಡಿಗಳಲ್ಲಿ ಹಿಂದಿನ ಟೈರ್ 12ರಿಂದ 20 ಸಾವಿರದೊಳಗೆ ಮುಗಿಯುವುದೇ ಹೆಚ್ಚು.

ಸ್ವಿಫ್ಟ್ ಜೊತೆ ಹೋಲಿಸುವುದನ್ನು ಮೊದಲು ಬಿಡಿ. ಅದರ ಪೆಟ್ರೋಲ್ ಇಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 113 ನ್ಯೂಟನ್ ಮೀಟರ್. 2 ಲೀಟರ್ ಟರ್ಬೊ ಕೇಮನ್‌ದು 380. ಅಷ್ಟೂ ಎಳೆತ ಹಿಂದಿನ ಎರಡು ಟೈರಿನ ಮೇಲೇ ಬೀಳುತ್ತದೆ. ಇಂಜಿನ್ ಇರುವುದೂ ಸೀಟಿನ ಹಿಂದೆ, ಅಂದರೆ ಭಾರವೂ ಹಿಂದೆಯೇ ಜಾಸ್ತಿ. ಸಿಗ್ನಲ್ ಬಿಟ್ಟ ಕೂಡಲೇ ಆಕ್ಸಲರೇಟರ್ ಒತ್ತಿದಾಗ ಬೆನ್ನಿಗೆ ಸೀಟು ಬಡಿಯುತ್ತದಲ್ಲ, ಆ ಮಜಾದ ಬಿಲ್ಲು ಬರುವುದು ಹಿಂದಿನ ಜೋಡಿಗೆ.

ಎರಡನೆಯದು ರಬ್ಬರ್. ರಸ್ತೆಯ ಖಡಿಯ ಸಣ್ಣ ಸಣ್ಣ ಚೂಪುಗಳ ಸಂದಿಗೆ ರಬ್ಬರ್ ಇಳಿದು ಕಚ್ಚಿಕೊಂಡರೆ ಗ್ರಿಪ್ ಸಿಗುತ್ತದೆ. ಮೆತ್ತಗಿದ್ದಷ್ಟೂ ಚೆನ್ನಾಗಿ ಕಚ್ಚುತ್ತದೆ, ಕಚ್ಚಿದಷ್ಟೂ ಹರಿದುಹೋಗುತ್ತದೆ. ಅನೇಕ ಟೈರುಗಳ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ನಂಬರ್ ಅಚ್ಚಾಗಿರುತ್ತದೆ. ಅದು ಅಮೆರಿಕದ ಪದ್ಧತಿ. ಟೆಕ್ಸಾಸ್‌ನ ಸ್ಯಾನ್ ಏಂಜೆಲೊ ಸುತ್ತ ಸಾಮಾನ್ಯ ರಸ್ತೆಯಲ್ಲಿ 7,200 ಮೈಲಿ, ಅಂದರೆ ಸುಮಾರು 11,600 ಕಿಲೋಮೀಟರ್ ಓಡಿಸಿ, 100 ನಂಬರಿನ ಒಂದು ಮಾದರಿ ಟೈರಿಗೆ ಹೋಲಿಸಿ ಕೊಡುತ್ತಾರೆ, ನಂಬರ್ ಹೆಚ್ಚಿದ್ದಷ್ಟೂ ಸವೆಯುವುದು ನಿಧಾನ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್‌ಗೆ 300 ಇದೆ. ಅದೇ ಕಂಪನಿಯ ಪೈಲಟ್ ಸ್ಪೋರ್ಟ್ ಕಪ್ 2 ಬಂದಾಗ ಅದಕ್ಕಿದ್ದದ್ದು 180. ಆದರೆ ಈ ನಂಬರನ್ನು ಕೊಡುವವರು ಟೈರ್ ಕಂಪನಿಯವರೇ ಆದ್ದರಿಂದ, ಒಂದು ಕಂಪನಿಯ ಟೈರನ್ನು ಇನ್ನೊಂದು ಕಂಪನಿಯದರ ಜೊತೆ ಅಳೆಯಲು ಇದನ್ನು ನಂಬಬೇಡಿ. ಒಂದೇ ಕಂಪನಿಯ ಎರಡು ಟೈರಿನ ನಡುವೆ ಆರಿಸಲು ಸಾಕು.

ಇದಕ್ಕಿಂತ ಪ್ರಾಮಾಣಿಕ ದಾಖಲೆ ಅಂದರೆ ವಾರಂಟಿ ಕಾಗದ. ಅಮೆರಿಕದಲ್ಲಿ ಮಿಶೆಲಿನ್ 4ಎಸ್ ಟೈರಿಗೆ 30,000 ಮೈಲಿಯ ವಾರಂಟಿ ಇದೆ. ಕೆಳಗೆ ಒಂದು ಷರತ್ತು: ಹಿಂದಿನ ಸೈಜು ಮುಂದಿನದಕ್ಕಿಂತ ಬೇರೆ ಇದ್ದರೆ ಹಿಂದಿನ ಟೈರಿಗೆ ಇದರ ಅರ್ಧ ಮಾತ್ರ. ಅಂದರೆ ಸುಮಾರು 24,000 ಕಿಲೋಮೀಟರ್. ನಿಮ್ಮ ಗಾಡಿಯೂ ಈ ಜಾತಿಯದೇ, ಮುಂದೆ 235 ಮಿಲಿಮೀಟರ್ ಅಗಲ, ಹಿಂದೆ 265. ಹಾಗಾಗಿ ಸ್ವಿಫ್ಟ್‌ನಲ್ಲಿ ಮಾಡಿಸುತ್ತಿದ್ದಂತೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ ಆಯುಷ್ಯ ಹಂಚಿಕೊಳ್ಳಲು ಆಗುವುದಿಲ್ಲ.

"ನಾ ಅಷ್ಟು ಜೋರ್ ಹೊಡ್ಯಂಗಿಲ್ಲರೀ" ಅಂತ ಎಲ್ಲರೂ ಹೇಳುತ್ತಾರೆ. ನೇರ ರಸ್ತೆಯಲ್ಲಿ 100, 120ರಲ್ಲಿ ಹೋಗುವುದು ಟೈರಿಗೆ ಅಂಥ ದೊಡ್ಡ ಪೆಟ್ಟಲ್ಲ. ಬುಗಾಟಿ ವೇರಾನ್ ಅನ್ನುವ ಕಾರು ಗಂಟೆಗೆ 400 ಕಿಲೋಮೀಟರ್ ದಾಟಿದ ವೇಗದಲ್ಲೇ ಓಡುತ್ತಿದ್ದರೆ ಅದರ ಟೈರ್ 15 ನಿಮಿಷಕ್ಕೆ ಮುಗಿಯುತ್ತವೆ, ಆದರೆ ಪೆಟ್ರೋಲ್ 12 ನಿಮಿಷಕ್ಕೇ ಖಾಲಿಯಾಗುವುದರಿಂದ ಚಿಂತೆಯಿಲ್ಲ ಅಂತ ಒಂದು ಮಾತು ಪ್ರಸಿದ್ಧ. ಆ ಲೋಕ ನಮಗೆ ಸಂಬಂಧವಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಮುಂದೆ ಹೊರಟಿರುವಾಗ ಎಂಥ 400? ನಮ್ಮಲ್ಲಿ ರಬ್ಬರ್ ತಿನ್ನುವುದು ತಿರುವು.

ನೀವು ಗೋವಾಕ್ಕೆ ಜಾಂಬೋಟಿ, ಕಣಕುಂಬಿ ಮೇಲೆ ಹೋಗುತ್ತೇನೆ ಅಂದಿದ್ದೀರಿ. ಘಾಟಿನ ಒಂದು ತಿರುವನ್ನು 40ರಲ್ಲಿ ತಗೊಂಡಿರಿ ಅಂತಿಟ್ಟುಕೊಳ್ಳಿ. ಅದನ್ನೇ 60ರಲ್ಲಿ ತಗೊಂಡರೆ ಟೈರಿನ ಮೇಲೆ ಬೀಳುವ ಅಡ್ಡ ಬಲ ಒಂದೂವರೆ ಪಟ್ಟಲ್ಲ, ವೇಗದ ವರ್ಗಕ್ಕೆ ತಕ್ಕಂತೆ ಎರಡೂಕಾಲು ಪಟ್ಟು ಆಗುತ್ತದೆ. ಬಲ ಹೆಚ್ಚಿದಂತೆ ಟೈರ್ ಅಡ್ಡಕ್ಕೆ ಜಾರುವುದೂ ಅಷ್ಟೇ ಹೆಚ್ಚುತ್ತದೆ. ಸವೆತ ಈ ಎರಡರ ಗುಣಾಕಾರ. ಸ್ಥೂಲವಾಗಿ ಐದು ಪಟ್ಟು! ವಿಜಯಪುರದಿಂದ ಬೆಳಗಾವಿವರೆಗೆ ಬಂದು ಸವೆದದ್ದಕ್ಕಿಂತ ಘಾಟಿನಲ್ಲಿ ಖುಷಿಪಟ್ಟಾಗ ಸವೆದದ್ದೇ ಜಾಸ್ತಿ ಇದ್ದರೆ ನನಗೇನೂ ಆಶ್ಚರ್ಯವಿಲ್ಲ.

ಇಷ್ಟೂ ಸಹಜ ಸವೆತದ ಮಾತಾಯಿತು. ನಿಮ್ಮ ಜಾಗದಲ್ಲಿ ನಾನಿದ್ದರೆ ಅನುಮಾನ ಪಡುವುದು ಟೋ ಮೇಲೆ. ಗಾಡಿಯನ್ನು ಮೇಲಿನಿಂದ ನೋಡಿದಾಗ ಗಾಲಿಯ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದೇ ಟೋ. ಸ್ಪೋರ್ಟ್ಸ್ ಕಾರಿನ ಗಾಲಿಗಳನ್ನು ತಿರುವಿಗೆ ಅನುಕೂಲವಾಗಲಿ ಅಂತ ಮೇಲ್ಭಾಗ ಸ್ವಲ್ಪ ಒಳಕ್ಕೆ ವಾಲಿಸಿಯೇ ಕೂರಿಸಿರುತ್ತಾರೆ, ಅದು ನೆಗೆಟಿವ್ ಕ್ಯಾಂಬರ್. ಆದ್ದರಿಂದ ನೇರ ಹೋಗುವಾಗ ಒಳ ಅಂಚಿನ ಮೇಲೆ ಭಾರ ಮೊದಲೇ ಜಾಸ್ತಿ. ಎಷ್ಟೋ ಜನ ಕ್ಯಾಂಬರನ್ನೇ ಬೈಯುತ್ತಾರೆ, ಆದರೆ ಅದೊಂದೇ ಇದ್ದರೆ ಅಷ್ಟು ಬೇಗ ಸವೆಯುವುದಿಲ್ಲ. ಜೊತೆಗೆ ಟೋ ಕೆಟ್ಟರೆ ಒಳ ಅಂಚು ಉಳಿಯುವುದಿಲ್ಲ. ಹಿಂದಿನ ಒಂದು ಗಾಲಿಯ ಟೋ ಬರೀ ಅರ್ಧ ಡಿಗ್ರಿ ತಪ್ಪಿದೆ ಅನ್ನಿ. ಗಾಡಿ 1 ಕಿಲೋಮೀಟರ್ ಮುಂದೆ ಹೋದಾಗ ಆ ಟೈರ್ ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜಿಸಿಕೊಂಡಿರುತ್ತದೆ. 10,000 ಕಿಲೋಮೀಟರ್‌ಗೆ 87 ಕಿಲೋಮೀಟರ್ ಅಡ್ಡ ಎಳೆತ. ಕಾಲೆಳೆದು ನಡೆಯುವವನ ಚಪ್ಪಲಿ ಒಂದೇ ಕಡೆ ಸವೆದಂತೆಯೇ ಇದೂ. ಎಷ್ಟೋ ಸಲ ಸ್ಟೇರಿಂಗ್ ಎಳೆಯುವುದಿಲ್ಲ, ಮೊದಮೊದಲು ಸದ್ದೂ ಬರುವುದಿಲ್ಲ, ಗಾಡಿ ನೇರವಾಗಿಯೇ ಓಡುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ.

ನೋಡುವುದು ಹೇಗೆ? ನಿಂತು ನೋಡಿದರೆ ಕಾಣುವುದಿಲ್ಲ. ಹೊರ ಅಂಚು ಹೊಸದರಂತೆ ಇರುತ್ತದೆ, ಮಧ್ಯದ ಗೆರೆಗಳೂ ಇರುತ್ತವೆ. ಹಿಂದಿನ ಬಂಪರ್ ಪಕ್ಕ ಮಲಗಿ, ಮೊಬೈಲ್ ಟಾರ್ಚ್ ಹಿಡಿದು ಒಳ ಅಂಚು ನೋಡಬೇಕು. ಹೊರಗಡೆ 4 ಮಿಲಿಮೀಟರ್ ಉಳಿದ ಟೈರಿನ ಒಳ ಅಂಚಿನಲ್ಲಿ ತಂತಿ ಹೊರಬಂದು ಹೊಳೆಯುವುದನ್ನು ಮಾಲೀಕರಿಗೆ ತೋರಿಸಿದಾಗ ಅವರ ಮುಖ ನೋಡಬೇಕು ನೀವು. ಇನ್ನೊಂದು ಪರೀಕ್ಷೆ: ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ ಕೆಟ್ಟಿದೆ ಅಂತಲೇ ತಿಳಿಯಿರಿ. ತಂತಿ ಕಂಡಿದ್ದರೆ ಕೈ ಹಾಕಬೇಡಿ, ಸೂಜಿಯಂತೆ ಚುಚ್ಚುತ್ತದೆ. ಎರಡೂ ಅಂಚು ಸವೆದು ಮಧ್ಯ ಉಳಿದಿದ್ದರೆ ಹವಾ ಕಡಿಮೆ, ಮಧ್ಯ ಮಾತ್ರ ಹೋಗಿದ್ದರೆ ಹವಾ ಜಾಸ್ತಿ. ಎಲ್ಲ ಕಡೆ ಸಮನಾಗಿ ಸವೆದಿದ್ದರೆ ಗಾಡಿಯಲ್ಲಿ ಏನೂ ದೋಷವಿಲ್ಲ, ನಿಮ್ಮ ಕಾಲಿನದ್ದೇ ಕೆಲಸ. ಹೊಸ ಟೈರ್ ಹಾಕಿಸಿ, ಸುಖವಾಗಿ ಓಡಿಸಿ.

ಒಳ ಅಂಚೇ ಹೋಗಿದ್ದರೆ ಮೊದಲು ನಾಲ್ಕೂ ಗಾಲಿಯ ಅಲೈನ್‌ಮೆಂಟ್. ಸಣ್ಣ ಕಾರುಗಳ ರೂಢಿಯಲ್ಲಿ ಮುಂದಿನ ಎರಡನ್ನಷ್ಟೇ ತಿರುಗಿಸಿ "ಆತ್ರೀ" ಅನ್ನುವ ಅಂಗಡಿಗಳು ಬಹಳ. ನಿಮ್ಮ ಗಾಡಿಯಲ್ಲಿ ಹಿಂದಿನ ಟೋ, ಕ್ಯಾಂಬರ್ ಎರಡನ್ನೂ ಸರಿಮಾಡಬಹುದು, ಹಾಗಾಗಿ ಅದನ್ನು ಮಾಡಿದ ಮೇಲೆಯೇ ದುಡ್ಡು ಕೊಡಿ. ಮುಂಚಿನ ಅಳತೆ, ನಂತರದ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ ತಗೊಳ್ಳಿ. ಅಲೈನ್‌ಮೆಂಟ್ ಮಾಡಿಸದೆ ಹೊಸ ಜೋಡಿ ಹಾಕಿಸಿದರೆ ಅದೂ ಇಷ್ಟಕ್ಕೇ ಮುಗಿಯುತ್ತದೆ. ದೊಡ್ಡ ತಗ್ಗಿಗೆ ಬಿದ್ದ ಮೇಲೂ ಒಮ್ಮೆ ನೋಡಿಸಬೇಕು. ಅಂದಹಾಗೆ ಇಷ್ಟು ತೆಳ್ಳನೆ ಪಕ್ಕದ ಟೈರ್ ನಮ್ಮ ತಗ್ಗುಗಳಲ್ಲಿ ಸವೆಯುವ ತನಕ ಉಳಿದದ್ದೇ ಒಂದು ಪುಣ್ಯ, ಎಷ್ಟೋ ಟೈರ್ ಅದಕ್ಕೆ ಮುಂಚೆಯೇ ಪಕ್ಕ ಊದಿ ಹೋಗುತ್ತವೆ.

ಹವಾದ ವಿಷಯ ಚಿಕ್ಕದು. ಡ್ರೈವರ್ ಬಾಗಿಲು ತೆರೆದರೆ ಸ್ಟಿಕ್ಕರ್ ಇರುತ್ತದೆ, ಮುಂದಕ್ಕೆ ಒಂದು ಲೆಕ್ಕ, ಹಿಂದಕ್ಕೆ ಒಂದು. ಪೆಟ್ರೋಲ್ ಪಂಪಿನ ಹುಡುಗ ನಾಲ್ಕಕ್ಕೂ ಒಂದೇ ಅಳತೆ ಹೊಡೆಯಲು ಬಿಡಬೇಡಿ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ನೋಡಿ. ಟೈರ್ ಐದಾರು ಡಿಗ್ರಿ ಕಾದರೆ 1 ಪಿಎಸ್‌ಐ ಏರುತ್ತದೆ, ನಿಮ್ಮೂರಿನ ಬೇಸಿಗೆಯ ಮಧ್ಯಾಹ್ನ ಓಡಿಸಿ ಬಂದು ನೋಡಿದರೆ ಲೆಕ್ಕ ಹತ್ತುವುದಿಲ್ಲ.

ಕಡಿಮೆ ಬೆಲೆಗೆ ಗಟ್ಟಿ ರಬ್ಬರಿನ ಟೈರ್ ಹಾಕಿಸಲೇ ಅಂತಲೂ ಕೇಳಿದ್ದೀರಿ. ಬೇಡ. ಹಿಂದೆ ಬರೀ ಗಟ್ಟಿ ರಬ್ಬರ್, ಮುಂದೆ ಮೆತ್ತನೆಯದು ಇದ್ದರೆ ಒದ್ದೆ ತಿರುವಿನಲ್ಲಿ ಗಾಡಿಯ ಹಿಂಭಾಗ ಮೊದಲು ಜಾರುತ್ತದೆ. ಪೋರ್ಷೆ ಒಪ್ಪಿದ ಟೈರಿನ ಮೇಲೆ ಎನ್ ಅಕ್ಷರದ ಜೊತೆ ಒಂದು ಅಂಕಿ ಇರುತ್ತದೆ, ಮುಂದಿನ ಜೋಡಿಯಲ್ಲಿ ಇರುವ ಬ್ರಾಂಡು, ಗುರುತು ನೋಡಿ ಅದೇ ತಗೊಳ್ಳಿ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ತಾರೀಖನ್ನೂ ಓದಿ, ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಇಂಥ ಸೈಜು ಬೇಗ ಮಾರಾಟವಾಗದ ಕಾರಣ ಗೋದಾಮಿನಲ್ಲಿ ಹಳೆಯದಾಗಿ ಕೂತಿರುವುದುಂಟು.

ಈಗಿನ ಜೋಡಿ ಸಮನಾಗಿ ಸವೆದು 3 ಮಿಲಿಮೀಟರ್ ಉಳಿದಿದ್ದರೆ ಬೇಸಿಗೆ ಮುಗಿಯುವ ತನಕ ಓಡಿಸಬಹುದು. ಕಾನೂನಿನ ಗಡಿ 1.6 ಮಿಲಿಮೀಟರ್ ಇದ್ದರೂ ಕಣಕುಂಬಿಯ ಮಳೆ ಆ ಕಾನೂನು ಓದಿಲ್ಲ. ಟೈರ್ ಅಗಲವಾದಷ್ಟೂ ನೀರಿನ ಮೇಲೆ ತೇಲುವುದು ಜಾಸ್ತಿ. ಮೃಗಶಿರಾ ಹಿಡಿಯುವುದರೊಳಗೆ ಬದಲಿಸಿಬಿಡಿ, ಅಲೈನ್‌ಮೆಂಟ್ ಪ್ರಿಂಟ್ ಬಂದರೆ ಹಿಂದಿನ ಟೋ ಸಾಲು ಕಾಣುವಂತೆ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.