ಪ್ರಶಸ್ತಿ ಕೊಟ್ಟ ಮೇಲೆ ಮಾತಾಡಲೂ ಬಿಡಿ

ಮಧುಗಿರಿಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಅವರ ಮೊಮ್ಮಗ ಡಿಸೆಂಬರ್ ಚಳಿಯಲ್ಲಿ ಕತ್ತಲಿರುವಾಗಲೇ ಎದ್ದು, ವಿಡಿಯೊ ಗೇಮ್‌ಗಳಿಗೆ ಪ್ರಶಸ್ತಿ ಕೊಡುವ ಸಮಾರಂಭವನ್ನು ಮೊಬೈಲಿನಲ್ಲಿ ನೋಡಿದನಂತೆ. “ಪರೀಕ್ಷೆಗೆ ಏಳದವನು ಇದಕ್ಕೆ ಎದ್ದ. ಆಡುವುದೇ ದಂಡ, ಅದಕ್ಕೆ ಪ್ರಶಸ್ತಿ ಬೇರೆ ಕೇಡು. ನೀವೂ ಅದರ ಸುದ್ದಿಗೆ ಅರ್ಧ ಪುಟ ಕೊಟ್ಟಿದ್ದೀರಲ್ಲ?” ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಆತಂಕ ಸುಳ್ಳಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಬಿದ್ದು ಸಾಲ ಮಾಡಿಕೊಂಡವರಿದ್ದಾರೆ. ಅವುಗಳನ್ನು ನಿಷೇಧಿಸಿ 2025ರಲ್ಲಿ ಕೇಂದ್ರ ಕಾನೂನು ಬಂದದ್ದು ಒಳ್ಳೆಯದೇ ಆಯಿತು. ಆದರೆ ನಿಮ್ಮ ಮೊಮ್ಮಗ ನೋಡಿದ್ದು ಅದಲ್ಲ.

ಅವನು ನೋಡಿದ್ದು ‘ದಿ ಗೇಮ್ ಅವಾರ್ಡ್ಸ್’ ಇರಬೇಕು. 2014ರಿಂದ ಜೆಫ್ ಕೀಲಿ ಎಂಬವರು ಇದನ್ನು ನಡೆಸುತ್ತಿದ್ದಾರೆ. ಲಾಸ್ ಏಂಜಲೀಸ್‌ನಲ್ಲಿ ಸಂಜೆ ಐದಾದರೆ ನಮಗೆ ಮರುದಿನ ಬೆಳಗಿನ ಆರೂವರೆ. ಆಯ್ಕೆಯಲ್ಲಿ ಪತ್ರಿಕೆ, ಜಾಲತಾಣಗಳ ತೀರ್ಪುಗಾರರ ಮತಕ್ಕೆ ನೂರಕ್ಕೆ 90 ಪಾಲು, ಸಾರ್ವಜನಿಕರ ಮತಕ್ಕೆ 10. ಸಂಗೀತಕ್ಕೆ, ಕತೆಗೆ, ಚಿತ್ರಕ್ಕೆ, ನಟನೆಗೆ ಬೇರೆ ಬೇರೆ ಪ್ರಶಸ್ತಿ. ಅಂದರೆ ಒಂದು ಆಟದ ಹಿಂದೆ ಇಷ್ಟೆಲ್ಲ ಕಸುಬು ಇದೆ ಅಂತಾಯಿತು.

ನೀವು ಗುಬ್ಬಿ ವೀರಣ್ಣನವರ ಜಿಲ್ಲೆಯವರು. ರಂಗದ ಮೇಲೆ ನಿಜವಾದ ಆನೆಯನ್ನೇ ತಂದ ನಾಟಕ ಕಂಪನಿ ಅವರದು. ಪರದೆ ಬರೆಯುವವರು, ಹಾರ್ಮೋನಿಯಂ ನುಡಿಸುವವರು, ಬಣ್ಣ ಹಚ್ಚುವವರು, ಮಾತು ಕಟ್ಟುವವರು ಎಲ್ಲ ಒಂದೇ ಬಿಡಾರದಲ್ಲಿದ್ದರು. ಆಗಲೂ ನಾಟಕ ನೋಡಿದರೆ ಹುಡುಗರು ಕೆಡುತ್ತಾರೆ ಎನ್ನುವ ಹಿರಿಯರಿದ್ದರು. ಈಗ ಅದೇ ವೀರಣ್ಣನವರ ಹೆಸರಿನಲ್ಲಿ ಸರ್ಕಾರ ಪ್ರಶಸ್ತಿ ಕೊಡುತ್ತದೆ, ಅಲ್ವಾ?

ಒಂದು ಆಟದ ಬಗ್ಗೆ ಹೇಳಲೇಬೇಕು. ಹೆಸರು ‘ವೆಣ್ಬಾ’. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಹೆಂಗಸೊಬ್ಬಳ ಕತೆ. ಅವಳ ತಾಯಿಯ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿವೆ. ಬಿಟ್ಟುಹೋದದ್ದನ್ನು ಊಹಿಸಿ ಇಡ್ಲಿ, ಪುಟ್ಟು ಮಾಡುವುದೇ ಆಟ. ಮಗ ಬೆಳೆಯುತ್ತಾ ತಮಿಳಿನಿಂದ ದೂರ ಹೋಗುತ್ತಾನೆ. ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಆಟ 2023ರಲ್ಲಿ ದಿ ಗೇಮ್ ಅವಾರ್ಡ್ಸ್‌ನ ಅಂತಿಮ ಪಟ್ಟಿಯಲ್ಲಿತ್ತು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಎಂಬ ಪ್ರಶಸ್ತಿಗಳಲ್ಲಿ ಚೊಚ್ಚಲ ಆಟಕ್ಕೆ ಕೊಡುವ ಪ್ರಶಸ್ತಿ ಗೆದ್ದಿತು. ಪುಣೆಯವರು ಮಾಡಿದ ‘ರಾಜಿ’ ಕೂಡ 2020ರಲ್ಲಿ ದಿ ಗೇಮ್ ಅವಾರ್ಡ್ಸ್‌ನ ಚೊಚ್ಚಲ ಆಟಗಳ ಪಟ್ಟಿಯಲ್ಲಿತ್ತು. 2024ರಲ್ಲಿ ಅಲ್ಲೇ ಮೂರು ಪ್ರಶಸ್ತಿ ಪಡೆದ ಇಸ್ಪೀಟಿನ ಆಟ ‘ಬಲಾಟ್ರೊ’ ಒಬ್ಬನೇ ಕೂತು ಕಟ್ಟಿದ್ದು. ಇವರನ್ನೆಲ್ಲ ದಂಡ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹಾಗಂತ ಆ ಸಮಾರಂಭದ ಮೇಲೆ ನನಗೆ ದೂರಿಲ್ಲ ಅಂದುಕೊಳ್ಳಬೇಡಿ. ದೊಡ್ಡ ದೂರೇ ಇದೆ. 2022ರಲ್ಲಿ ನಟ ಕ್ರಿಸ್ಟೋಫರ್ ಜಡ್ಜ್ ಪ್ರಶಸ್ತಿ ಪಡೆದು ಸುಮಾರು 8 ನಿಮಿಷ ಮಾತಾಡಿದರು. ಮರುವರ್ಷ ಗೆದ್ದವರು ಮಾತು ಶುರು ಮಾಡಿ ಸುಮಾರು ಅರ್ಧ ನಿಮಿಷಕ್ಕೇ, ಸಾಕು ಇಳಿಯಿರಿ ಎನ್ನುವಂತೆ ಸಂಗೀತ ಶುರು. ವರ್ಷದ ಆಟವಾಗಿ ಗೆದ್ದದ್ದು ‘ಬಾಲ್ಡರ್ಸ್ ಗೇಟ್ 3’. ಅದನ್ನು ಮಾಡಿದ ಸಂಸ್ಥೆಯ ಮುಖ್ಯಸ್ಥ ಸ್ವೆನ್ ವಿಂಕೆ ತೀರಿಹೋದ ಸಹೋದ್ಯೋಗಿಯನ್ನು ನೆನೆದ ಆ ಪುಟ್ಟ ಭಾಷಣಕ್ಕೂ ‘ಬೇಗ ಮುಗಿಸಿ’ ಎಂಬ ಫಲಕ ಕಾಣಿಸಿತು. ಹೊಸ ಆಟಗಳ ಟ್ರೇಲರಿಗೆ ಮಾತ್ರ ಧಾರಾಳ ಸಮಯವಿತ್ತು. ಸಂಗೀತ ತೀರಾ ಬೇಗ ಹಾಕಿದೆವು ಎಂದು ಆಮೇಲೆ ಕೀಲಿಯವರೇ ಒಪ್ಪಿಕೊಂಡರು.

ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ಯಾಕೆಂದರೆ ನಮ್ಮಲ್ಲಿ ನಡೆಯುವುದೂ ಇದೇ. ತಿಪಟೂರು ಕಡೆ ಒಂದು ಸನ್ಮಾನಕ್ಕೆ ಹೋಗಿದ್ದೆ. ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಮುಖ್ಯ ಅತಿಥಿಗಳು, ಅಧ್ಯಕ್ಷರು, ಎಲ್ಲರೂ ಗಂಟೆಗಟ್ಟಲೆ ಮಾತಾಡಿದರು. ಊಟದ ಹೊತ್ತು ಮೀರಿದ ಮೇಲೆ ಮೂಡಲಪಾಯ ಯಕ್ಷಗಾನದ ಹಿರಿಯ ಭಾಗವತರೊಬ್ಬರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟರು. ಅವರು ಮೈಕಿನ ಮುಂದೆ ನಿಂತು ತಮ್ಮ ಗುರುಗಳ ಹೆಸರು ಹೇಳಿದರು ಅಷ್ಟೇ. ನಿರೂಪಕರು ‘ಸಮಯದ ಅಭಾವ’ ಎಂದು ಮೈಕು ತೆಗೆದುಕೊಂಡರು. ಆ ಹಿರಿಯರಿಗೆ ಪದ ಕಲಿಸಿದವರು ಯಾರು, ಅವರ ಮೇಳ ಯಾವ ಊರುಗಳಲ್ಲಿ ಆಡಿತು, ಈಗ ಕಲಿಯುವ ಹುಡುಗರಿದ್ದಾರಾ, ಯಾವುದೂ ನಮಗೆ ತಿಳಿಯಲಿಲ್ಲ. ಅವರ ಜೊತೆಗೆ ಅದೂ ಹೊರಟುಹೋಗುತ್ತದೆ. ಕೆಲಸ ಮಾಡಿದವರ ಮಾತು ಕೇಳದೆ ಸುಮ್ನೆ ಶಾಲು ಹೊದಿಸಿದರೆ ಅದು ಯಾರಿಗೆ ಮಾಡಿದ ಗೌರವ? ರಾಜ್ಯೋತ್ಸವ ಬಂದರೆ ಊರೂರಿನಲ್ಲೂ ಇದೇ ಕತೆ. ಬ್ಯಾನರಿನಲ್ಲೂ ಕೊಡುವವರ ಫೋಟೊ ದೊಡ್ಡದು, ಪಡೆಯುವವರ ಹೆಸರು ಸಣ್ಣದು.

ನೀವು ಮಕ್ಕಳಿಗೆ ಪಾಠ ಹೇಳಿದವರು, ಕೇಳಿಸಿಕೊಳ್ಳುವುದೂ ನಿಮಗೆ ಗೊತ್ತು. ಮೊಮ್ಮಗ ಊರಿಗೆ ಬಂದಾಗ ಗದರಿಸುವ ಮುಂಚೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನಿಗೆ ಇಷ್ಟವಾದ ಆಟದ ಕತೆ ಬರೆದವರು ಯಾರು, ಸಂಗೀತ ಯಾರದು, ಎಷ್ಟು ವರ್ಷ ಹಿಡಿಯಿತು ಎಂದು ಕೇಳಿ. ಅದನ್ನೇ ಅವನ ಕೈಲಿ ಬರೆಸಿ ಕಳಿಸಿ. ಈ ಸಲ ಅರ್ಧ ಪುಟವಲ್ಲ, ಪೂರ್ತಿ ಪುಟ ಕೊಡುತ್ತೇವೆ.

— ಸಂಪಾದಕ