ಸುಮ್ಮನೆ ಕೂತಿದ್ದರೂ ‘ಯಾಕೆ ಸಿಟ್ಟು?’ ಅಂತ ಜನ ಕೇಳುವುದೇಕೆ?

ಸಿಟ್ಟು ಇರುವುದು ನಿಮ್ಮ ಮನಸ್ಸಿನಲ್ಲಲ್ಲ, ಮುಖದ ಅಚ್ಚಿನಲ್ಲಿ. ಕೋಪ ಬಂದಾಗ ಹುಬ್ಬು ಕೆಳಗಿಳಿಯುತ್ತದೆ, ತುಟಿ ಬಿಗಿಯುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಹುಬ್ಬು ತಗ್ಗು, ತುಟಿ ತೆಳು, ಬಾಯಿಯ ಅಂಚು ಕೆಳಮುಖ. ನೋಡುವವರ ಮಿದುಳು ಈ ಹೋಲಿಕೆಯನ್ನೇ ಭಾವನೆಯೆಂದು ಓದಿಬಿಡುತ್ತದೆ.

2009ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು ಭಾವರಹಿತ ಮುಖಗಳ ಚಿತ್ರಗಳನ್ನು ಭಾವನೆ ಗುರುತಿಸುವ ಸಾಫ್ಟ್‌ವೇರ್‌ಗೆ ಕೊಟ್ಟು ನೋಡಿದರು. ಜನ ‘ಬೆದರಿಸುವಂತಿದೆ’ ಎಂದ ಮುಖಗಳಲ್ಲಿ ಅದಕ್ಕೂ ಕೋಪದ ಛಾಯೆ ಕಂಡಿತು!

ವಯಸ್ಸಾದಂತೆ ಚರ್ಮ ಜೋತು ಬಾಯಂಚು ಇನ್ನಷ್ಟು ಇಳಿಯುತ್ತದೆ. ತಲೆ ತುಸು ತಗ್ಗಿಸಿ ನೋಡಿದರೂ ಹುಬ್ಬು ಗಂಟಿಕ್ಕಿದಂತೆ ಕಾಣುತ್ತದೆ. ಹೆಂಗಸರಾದರಂತೂ ಸದಾ ನಗುತ್ತಿರಬೇಕೆಂಬ ನಿರೀಕ್ಷೆ ಬೇರೆ. ನಗದಿದ್ದರೆ ‘ಹರಳೆಣ್ಣೆ ಕುಡಿದ ಮುಖ’ ಎಂಬ ಬಿರುದು. ಪರಿಚಯವಾದ ಮೇಲೆ ಜನ ಮುಖಕ್ಕಿಂತ ಮಾತು ಗಮನಿಸುತ್ತಾರೆ. ಅಲ್ಲಿಯವರೆಗೆ ಮೊದಲು ನೀವೇ ‘ನಮಸ್ಕಾರ’ ಅಂದುಬಿಡಿ.